ಇಂಗ್ಲೆಂಡಿನ ಕ್ರಿಸ್‌ಮಸ್, ತಪ್ಪಿ ತಟ್ಟಿದ ಒಂದು ಬಾಗಿಲು

ತಿಪಟೂರು ಬಿಟ್ಟ ದಿನ

ತಿಪಟೂರಿನ ಪ್ರೈಮರಿ ಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನನಗೆ ಇಂಗ್ಲೆಂಡ್ ಎಂದರೆ ಗೋಡೆಯ ಭೂಪಟದ ಮೇಲೆ ಕೋಲಿನಿಂದ ತೋರಿಸುವ ಒಂದು ಗುಲಾಬಿ ಬಣ್ಣದ ಚೂರು. ಅಲ್ಲಿಗೆ ನಾನೇ ಹೋಗುತ್ತೇನೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಆದದ್ದು ಹೀಗೆ. ನಮ್ಮ ಊರಿನ ಕ್ರೈಸ್ತ ಸಭೆ ಬಹಳ ಚಿಕ್ಕದು. ಎಲ್ಲರೂ ಬಂದರೂ ಹಿಂದಿನ ಬೆಂಚುಗಳು ಖಾಲಿಯೇ ಉಳಿಯುತ್ತವೆ. ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಊರಿನ ಸಭೆಗೂ ನಮಗೂ ಹಳೆಯ ಕಾಲದಿಂದ ಪತ್ರವ್ಯವಹಾರವಿತ್ತು. ತೊಂಬತ್ತೆಂಟರ ಮಳೆಗಾಲದಲ್ಲಿ ಅಲ್ಲಿಂದ ಒಂದು ಕಾಗದ ಬಂತು. ನಮ್ಮಲ್ಲಿ ಕ್ರಿಸ್‌ಮಸ್ ಪೂರ್ತಿಯಾಗಿ ಅಂಗಡಿಯವರ ಪಾಲಾಗಿಹೋಗಿದೆ, ಈ ವರ್ಷ ಅದನ್ನು ಮತ್ತೆ ಯೇಸುಸ್ವಾಮಿಯ ಹಬ್ಬವಾಗಿ ಆಚರಿಸಬೇಕು ಅಂದುಕೊಂಡಿದ್ದೇವೆ, ನಿಮ್ಮಿಂದ ಒಬ್ಬರು ಬಂದು ನಮ್ಮ ಜೊತೆ ಇದ್ದರೆ ಸಂತೋಷ ಎಂದು ಬರೆದಿದ್ದರು.

ಸಭೆಯವರು ನನ್ನನ್ನು ಆರಿಸಿದ್ದಕ್ಕೆ ಕಾರಣ ನನ್ನ ಭಕ್ತಿಯಲ್ಲ, ನನ್ನ ಬಾಯಿ. ಬೇಕರಿಯ ಕ್ರೀಮ್ ಕೇಕು, ಮಿಣಮಿಣ ಸೀರಿಯಲ್ ಲೈಟು, ಹಬ್ಬಕ್ಕೆ ಮೂರು ಮೂರು ಜೊತೆ ಬಟ್ಟೆ, ಇವೆಲ್ಲ ನಮ್ಮಲ್ಲೂ ಶುರುವಾಗಿದ್ದವು. ಪ್ರತಿ ಡಿಸೆಂಬರಿನಲ್ಲಿ ನಾನು ಸಂಡೇಸ್ಕೂಲಿನ ಮಕ್ಕಳನ್ನು ನೆಪ ಮಾಡಿಕೊಂಡು ಅವರ ತಾಯಂದಿರನ್ನು ಬೈಯುತ್ತಿದ್ದೆ. ಈ ವರ್ಷ ಸುಗುಣ ಟೀಚರು ಇಂಗ್ಲೆಂಡಿನವರನ್ನು ಬೈದು ಬರಲಿ ಎಂದು ಯಾರೋ ತಮಾಷೆ ಮಾಡಿದರಂತೆ. ನಮ್ಮ ಮನೆಯವರೇ ನನಗೆ ಹೇಳಿದರು.

ಹೊರಡುವ ದಿನ ಪಕ್ಕದ ಮನೆಯ ಗಂಗಮ್ಮ ಎರಡು ಒಣಗಿದ ಕೊಬ್ಬರಿಕಾಯಿ ತಂದು ನನ್ನ ಪೆಟ್ಟಿಗೆಯ ಮೇಲಿಟ್ಟಳು. ಅವಳ ತೌರು ಶೆಟ್ಟಿಕೆರೆ. ಅವಳ ತಮ್ಮಂದಿರ ತೋಟದ ಕಾಯಿ ಅವು.

"ಬರಿಗೈಲಿ ಹೋಗ್ಬ್ಯಾಡ ಕಣಕ್ಕ. ಒಡೀದೆ ಹಂಗೇ ತಗಂಡೋಗು. ನಮ್ಮೂರ ಕಾಯಿ ಹೆಂಗಿರ್ತದೆ ಅಂತ ಅವ್ರೂ ನೋಡ್ಲಿ" ಅಂದಳು.

ಸ್ವೆಟರ್ ಒಂದನ್ನು ತೆಗೆದು ಆ ಜಾಗದಲ್ಲಿ ಕಾಯಿ ಇಟ್ಟುಕೊಂಡೆ. ಅಲ್ಲಿ ಇಳಿದ ಅರ್ಧ ಗಂಟೆಯಲ್ಲಿ ಆ ಸ್ವೆಟರಿನ ಬೆಲೆ ತಿಳಿಯಿತು.

ವಿಮಾನ ನಿಲ್ದಾಣ

ಕಸ್ಟಮ್ಸಿನ ಅಧಿಕಾರಿ ಒಬ್ಬ ಕೆಂಪು ಮೀಸೆಯ ಮನುಷ್ಯ. ನನ್ನ ಪೆಟ್ಟಿಗೆಯಿಂದ ಕಾಯಿ ಎತ್ತಿಕೊಂಡು ತಿರುಗಿಸಿ ನೋಡಿದ. ಆಮೇಲೆ ಅಲ್ಲಾಡಿಸಿದ. ಒಳಗಿನ ಕೊಬ್ಬರಿ ಚಿಪ್ಪಿಗೆ ಬಡಿದು ಲೊಟಲೊಟ ಸದ್ದು ಮಾಡಿತು. ತಕ್ಷಣ ಅದನ್ನು ಮೇಜಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದ.

ತಿಪಟೂರಿನಲ್ಲಿ ಆ ಸದ್ದು ಕೇಳಿದರೆ ಜನ ಖುಷಿಪಡುತ್ತಾರೆ. ಕಾಯಿ ಅಟ್ಟದ ಮೇಲೆ ಸರಿಯಾಗಿ ಒಣಗಿದೆ, ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದು ಅರ್ಥ. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಒಳಗೆ ಚೆಂಡಿನಂಥ ಕೊಬ್ಬರಿ ಇದೆ, ನೀರಿಲ್ಲ, ಹುಳುವಿಲ್ಲ, ಇನ್ನೇನೂ ಇಲ್ಲ ಎಂದು ಕೈಯಾಡಿಸಿ ವಿವರಿಸಿದೆ. ಅವನು ಇನ್ನೊಬ್ಬನನ್ನು ಕರೆದ. ಇನ್ನೊಬ್ಬ ಮತ್ತೊಬ್ಬಳನ್ನು ಕರೆದ. ಮೂವರೂ ಸರದಿಯ ಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಿದರು. ನನ್ನ ಹಿಂದೆ ಸಾಲಿನಲ್ಲಿ ನಿಂತವರು ಒಬ್ಬರೂ ಗೊಣಗಲಿಲ್ಲ. ನಮ್ಮ ಬಸ್ ಸ್ಟ್ಯಾಂಡಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಹತ್ತು ಜನ ಸಲಹೆ ಕೊಟ್ಟಿರುತ್ತಿದ್ದರು. ಕೊನೆಗೆ ಯಂತ್ರದಲ್ಲಿ ಹಾಕಿ ನೋಡಿ, ಒಳಗಿನ ದುಂಡನ್ನು ಪರದೆಯ ಮೇಲೆ ನನಗೂ ತೋರಿಸಿ, ಕ್ರಿಸ್‌ಮಸ್ ಶುಭಾಶಯ ಹೇಳಿ ಕಳುಹಿಸಿದರು.

ಹೊರಗೆ ನನ್ನ ಹೆಸರು ಬರೆದ ರಟ್ಟು ಹಿಡಿದು ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬರು ಸಭೆಯ ಪಾಸ್ಟರ್ ರೂತ್, ನಲವತ್ತರ ಆಸುಪಾಸು. ಹೆಂಗಸೊಬ್ಬರು ಪಾಸ್ಟರ್ ಆಗಿರುವುದನ್ನು ನಾನು ಮೊದಲು ಕಂಡದ್ದು ಅಲ್ಲೇ. ಇನ್ನೊಬ್ಬರು ಮಾರ್ಗರೆಟ್. ನಾನು ಉಳಿದುಕೊಳ್ಳಬೇಕಾಗಿದ್ದ ಮನೆಯ ಒಡತಿ. ಅರವತ್ತೆಂಟು ವಯಸ್ಸು, ನೆಟ್ಟಗಿನ ಬೆನ್ನು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ರೇಷ್ಮೆ ಸೀರೆಯಲ್ಲಿ ಗಡಗಡ ನಡುಗುತ್ತಿದ್ದ ನನ್ನನ್ನು ನೋಡಿ ಅವರು ನೇರವಾಗಿ ಹತ್ತಿರ ಬಂದರು. ತಮ್ಮ ಕೋಟು ಬಿಚ್ಚಿ ನನಗೆ ತೊಡಿಸಿ, ಮಗುವಿಗೆ ಹಾಕುವಂತೆ ಕೆಳಗಿನಿಂದ ಮೇಲಿನವರೆಗೆ ಗುಂಡಿ ಹಾಕಿದರು. ತಾವು ಬರಿಯ ಉಣ್ಣೆಯ ಅಂಗಿಯಲ್ಲಿ ಆ ಚಳಿಯಲ್ಲಿ ಕಾರಿನವರೆಗೂ ನಡೆದರು. ಆ ಒಂದು ಉಪಕಾರವನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಕೆಂಪು ಇಟ್ಟಿಗೆಯ ಬೀದಿ

ಅದೊಂದು ಕಾಲಕ್ಕೆ ಉಣ್ಣೆಯ ಮಿಲ್ಲುಗಳಿದ್ದ ಊರು. ಮಿಲ್ಲುಗಳು ಮುಚ್ಚಿದ್ದವು, ಕೆಲಸಗಾರರಿಗೆ ಕಟ್ಟಿದ ಮನೆಗಳು ಉಳಿದಿದ್ದವು. ಒಂದಕ್ಕೊಂದು ಅಂಟಿಕೊಂಡ ಕೆಂಪು ಇಟ್ಟಿಗೆಯ ಸಾಲುಮನೆಗಳು. ಒಂದೇ ಥರದ ಬಾಗಿಲು, ಒಂದೇ ಥರದ ಕಿಟಕಿ, ಒಂದೇ ಥರದ ಪುಟ್ಟ ಗೇಟು. ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು. ಬೀದಿಯಲ್ಲಿ ಮನುಷ್ಯರ ಸುಳಿವಿಲ್ಲ. ಎಲ್ಲರೂ ಎಲ್ಲಿ ಹೋದರು ಎಂದು ಮೊದಲ ದಿನ ಕೇಳಿದೆ. ಎಲ್ಲರೂ ಮನೆಯೊಳಗೇ ಇದ್ದಾರೆ ಎಂದರು ಮಾರ್ಗರೆಟ್.

ಅವರನ್ನು ಹೆಸರು ಹಿಡಿದು ಕರೆಯಬೇಕಂತೆ. ನನಗಿಂತ ಹದಿನಾಲ್ಕು ವರ್ಷ ದೊಡ್ಡವರನ್ನು ಹಾಗೆ ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಎರಡನೆಯ ದಿನ "ಮಾರ್ಗರೆಟ್ ಅಕ್ಕ" ಎಂದುಬಿಟ್ಟೆ. ಹಾಗೆಂದರೇನು ಎಂದು ಕೇಳಿದರು. ಹೇಳಿದೆ. ಟೀ ಲೋಟ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿ, ನನ್ನನ್ನು ಯಾರೂ ಹಾಗೆ ಕರೆದಿಲ್ಲ, ಹಾಗೇ ಕರೆ ಎಂದರು.

ಸಭೆಯ ಕ್ರಿಸ್‌ಮಸ್ ಯೋಜನೆಯೆಲ್ಲ ಅವರದ್ದೇ. ಸಭೆಯವರು ಸೇರುವ ಹಾಲ್‌ನ ಗೋಡೆಗೆ ಅವರು ಕೈಯಾರೆ ಬರೆದ ಪಟ್ಟಿ ಅಂಟಿಸಿದ್ದರು. ಈ ವರ್ಷ ಯಾರೂ ಯಾರಿಗೂ ಉಡುಗೊರೆ ಕೊಡಬಾರದು. ಅಲಂಕಾರದ ಮರ ಬೇಡ. ಹೊಳೆಯುವ ಕಾಗದ ಬೇಡ. ಬೆಳಗ್ಗೆ ಆರಾಧನೆ, ಮಧ್ಯಾಹ್ನ ಒಂಟಿಯಾಗಿರುವವರಿಗೆಲ್ಲ ಆ ಹಾಲ್‌ನಲ್ಲೇ ಊಟ, ಅಷ್ಟೇ. ಓದಿ ನನಗೆ ಭಾರೀ ಸಂತೋಷವಾಯಿತು. ನನ್ನ ಜಾತಿಯವರೇ ಒಬ್ಬರು ಸಿಕ್ಕರು ಅನ್ನಿಸಿತು.

ಭಾನುವಾರ ನನ್ನನ್ನು ಮಾತಾಡಲು ಕರೆದರು. ಗಂಗಮ್ಮನ ಕಾಯಿ ಕೈಯಲ್ಲಿ ಹಿಡಿದು ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರದ ಆಗಮನ ಕಾಲದ ಬಗ್ಗೆ ಮಾತಾಡಿದೆ. ನಿಮ್ಮ ಅಂಗಡಿಗಳಲ್ಲಿ ಅಕ್ಟೋಬರಿನಲ್ಲೇ ಹಬ್ಬ ಬಂದಿದೆಯಂತೆ, ನಮ್ಮೂರಲ್ಲಿ ಈ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಕಾಯುತ್ತೇವೆ, ಅವಸರ ಮಾಡಿದರೆ ಕೊಬ್ಬರಿ ಕೆಡುತ್ತದೆ ಎಂದೆ. ಕಾಯಿಯನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿದರು. ಎಲ್ಲರೂ ಅಲ್ಲಾಡಿಸಿ ನೋಡಿದರು.

ಆರಾಧನೆಯ ಮೇಲೆ ಟೀ ಕುಡಿಯುವಾಗ ಒಬ್ಬ ತಾಯಿ ಮಾರ್ಗರೆಟ್ ಅಕ್ಕನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. ಆ ದಿನ ಮಕ್ಕಳಿಗೆ ತಲೆಗೊಂದು ಕಿತ್ತಲೆಹಣ್ಣಾದರೂ ಕೊಡಬಹುದೇ ಎಂದು. ಅಕ್ಕ ಬೇಡವೆಂದರು. ಒಂದು ಶುರುವಾದರೆ ಇನ್ನೊಂದು ಬರುತ್ತದೆ ಎಂದರು. ಆ ತಾಯಿಯ ಮುಖ ಸಣ್ಣದಾಯಿತು. ನಮ್ಮ ತಿಪಟೂರಿನ ತಾಯಂದಿರ ಮುಖ ಹೀಗೆಯೇ ಸಣ್ಣದಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೆ, ನೋಡಿಯೂ ಸುಮ್ಮನಿದ್ದೆ. ಅಂದು ಯಾಕೋ ನನ್ನ ಟೀ ರುಚಿಸಲಿಲ್ಲ.

ನಾಲ್ಕಂತಸ್ತಿನ ಅಂಗಡಿ

ನನಗೊಂದು ಸ್ವಂತ ಕೆಲಸವೂ ಇತ್ತು. ನಮ್ಮ ಸಭೆಯಲ್ಲಿ ಕ್ರಿಸ್‌ಮಸ್ಸಿಗೆ ಇಡುವ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳನ್ನು ಗೆದ್ದಲು ತಿಂದುಹಾಕಿತ್ತು. ಯೋಸೇಫನಿಗೆ ಮುಖವೇ ಇರಲಿಲ್ಲ. ಇಂಗ್ಲೆಂಡಿನಿಂದ ಒಂದು ಒಳ್ಳೆಯ ಜೊತೆ ತರುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟು ಬಂದಿದ್ದೆ. ಕ್ರೈಸ್ತರ ದೇಶ, ಡಿಸೆಂಬರ್ ತಿಂಗಳು, ಗೋದಲಿ ಸಿಗುವುದೇನು ಕಷ್ಟ?

ಬಸ್ಸಿನಲ್ಲಿ ದೊಡ್ಡ ಊರಿಗೆ ಹೋದೆ. ನಾಲ್ಕಂತಸ್ತಿನ ಅಂಗಡಿ. ಮೆಟ್ಟಿಲು ತಾನೇ ಏರುತ್ತದೆ, ನಾವು ನಿಂತರೆ ಸಾಕು. ಸೀರೆಯ ಅಂಚು ಸಿಕ್ಕಿಕೊಂಡೀತೆಂದು ಭಯಪಟ್ಟು ನೆರಿಗೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು ನಿಂತೆ. ನನ್ನ ಹಿಂದಿನ ಮುದುಕ ಬಹಳ ಮರ್ಯಾದೆಯಿಂದ ಛಾವಣಿ ನೋಡುತ್ತ ನಿಂತ.

ಎಲ್ಲ ಅಂತಸ್ತಿನಲ್ಲೂ ಕ್ರಿಸ್‌ಮಸ್ಸೇ. ಹಾಡುವ ಹಿಮಕರಡಿ, ಹಲ್ಲು ಕಿರಿಯುವ ಜಿಂಕೆ, ಬೆಳ್ಳಿ ಬಣ್ಣದ ಮರ, ನಾಯಿಗೊಂದು ಉಡುಗೊರೆ ಪೊಟ್ಟಣ, ಬೆಕ್ಕಿಗೊಂದು. ಮೂರನೆಯ ಅಂತಸ್ತಿನಲ್ಲಿ ಕೆಂಪು ಅಂಗಿಯ ತಾತನನ್ನು ನೋಡಲು ಅಪ್ಪ ಅಮ್ಮಂದಿರ ಉದ್ದ ಸಾಲು. ಯಾರ ಮುಖದಲ್ಲೂ ಹಬ್ಬದ ಕಳೆಯಿಲ್ಲ. ನಮ್ಮ ಕೊಬ್ಬರಿ ಹರಾಜಿನ ದಿನ ಮಾರುಕಟ್ಟೆಯಲ್ಲಿ ನಿಂತ ರೈತರ ಮುಖದಲ್ಲಿ ಇರುವಂಥ ಆತಂಕ. ಗೋದಲಿ ಎಲ್ಲಿದೆ ಎಂದು ಒಬ್ಬ ಹುಡುಗಿಯನ್ನು ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಮರಿಯಳು, ಯೋಸೇಫ, ಕೂಸು ಎಂದೆ. ಪಾಪ, ಒಳ್ಳೆಯ ಹುಡುಗಿ. ನನ್ನನ್ನು ಕೂರಿಸಿ, ನಾಲ್ಕೂ ಅಂತಸ್ತು ಓಡಾಡಿ ಬಂದು, ಕ್ಷಮಿಸಿ, ಆ ಸರಕು ನಾವು ಇಡುವುದಿಲ್ಲ ಎಂದಳು. ಅವಳ ಹಣೆಯ ಮೇಲೆ ಬೆವರಿತ್ತು. ಅಷ್ಟು ಶ್ರಮಪಟ್ಟು ಹುಡುಕಿದ ಅವಳ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ? ಕೈ ಹಿಡಿದು ಥ್ಯಾಂಕ್ಸ್ ಹೇಳಿ ಬರಿಗೈಲಿ ಬಸ್ಸು ಹತ್ತಿದೆ.

ತಪ್ಪಿದ ಬಾಗಿಲು

ಬಸ್ಸಿಳಿದಾಗ ಮಂಜು ಕವಿದಿತ್ತು. ಎದುರಿನ ಕಂಬ ಕಾಣಿಸುತ್ತಿರಲಿಲ್ಲ. ಮೂಲೆಯಿಂದ ಏಳನೆಯ ಗೇಟು ಎಂದು ನೆನಪಿಟ್ಟುಕೊಂಡಿದ್ದೆ. ಏಳನೆಯ ಗೇಟು ತೆಗೆದು ಕೀಲಿಕೈ ಹಾಕಿದೆ. ತಿರುಗಲಿಲ್ಲ. ಚಳಿಗೆ ಬೀಗ ಹಿಡಿದುಕೊಂಡಿದೆ ಅಂದುಕೊಂಡು ಬಾಗಿಲು ತಟ್ಟಿದೆ, ಅಕ್ಕಾ ಅಕ್ಕಾ ಎಂದು ಕೂಗಿದೆ.

ಬಾಗಿಲು ತೆರೆದವರು ಎತ್ತರದ ಒಬ್ಬ ಮುದುಕ. ಕಿವಿಯಲ್ಲಿ ಯಂತ್ರ, ಮೊಣಕೈಗೆ ತೇಪೆ ಹಾಕಿದ ಸ್ವೆಟರ್. ನಾನು ಒಂದು ಬೀದಿ ಮೊದಲೇ ತಿರುಗಿಬಿಟ್ಟಿದ್ದೆ. ನನ್ನ ಕೈಯಲ್ಲಿದ್ದ ಕೀಲಿಕೈ ನೋಡಿ ಅವರು, ಇದು ಈ ಬೀಗಕ್ಕೆ ಹತ್ತುವುದಿಲ್ಲ, ಆದರೆ ಈಗ ತಾನೇ ಟೀ ಮಾಡಿದ್ದೇನೆ, ಒಳಗೆ ಬನ್ನಿ ಎಂದರು.

ಗುರುತಿಲ್ಲದ ಗಂಡಸಿನ ಮನೆ. ನಮ್ಮೂರಲ್ಲಾಗಿದ್ದರೆ ಹೋಗುತ್ತಿರಲಿಲ್ಲ. ಆದರೆ ಕಾಲು ಮರಗಟ್ಟಿತ್ತು. ಹೋಗಿ ಬೆಂಕಿಯ ಮುಂದೆ ಕೂತೆ. ಅವರ ಹೆಸರು ಆರ್ಥರ್. ಒಬ್ಬರೇ ಇದ್ದರು. ಹಿಂದೆ ಊರಿನ ಪೇಟೆಬೀದಿಯಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿದ್ದರಂತೆ. ದೊಡ್ಡ ಅಂಗಡಿಗಳು ಬಂದ ಮೇಲೆ ಮುಚ್ಚಿದರಂತೆ. ನಾನು ಅವತ್ತಿನ ನನ್ನ ಅಲೆದಾಟವನ್ನೆಲ್ಲ ಹೇಳಿಕೊಂಡೆ. ಅವರು ಬಹಳ ಹೊತ್ತು ನಕ್ಕರು. ಇಂಗ್ಲೆಂಡಿಗೆ ಬಂದ ಮೇಲೆ ಅಷ್ಟು ಜೋರಾಗಿ ನಕ್ಕವರನ್ನು ನಾನು ಕಂಡದ್ದು ಅದೇ ಮೊದಲು.

ಯಾರ ಮನೆಯಲ್ಲಿ ಇಳಿದಿದ್ದೀರಿ ಎಂದು ಕೇಳಿದರು. ಮಾರ್ಗರೆಟ್ ಅವರ ಮನೆ ಎಂದೆ. ಅವರು ಟೀಗೆ ಸಕ್ಕರೆ ಹಾಕಿದ್ದನ್ನು ಮರೆತು ಮತ್ತೊಮ್ಮೆ ಹಾಕಿ, ಬಹಳ ಹೊತ್ತು ಚಮಚ ತಿರುಗಿಸಿದರು.

"ಅವಳು ಚೆನ್ನಾಗಿದ್ದಾಳಾ?" ಎಂದರು ಕೊನೆಗೆ.

ಚೆನ್ನಾಗಿದ್ದಾರೆ, ನನಗೆ ಕೋಟು ಕೊಟ್ಟಿದ್ದಾರೆ ಎಂದೆ. ಒಂಟಿಯಾಗಿರುವವರಿಗೆ ಕ್ರಿಸ್‌ಮಸ್ ದಿನ ಸಭೆಯ ಹಾಲಿನಲ್ಲಿ ಊಟವಿದೆ, ನೀವೂ ಬನ್ನಿ ಎಂದು ನಾನಾಗಿಯೇ ಕರೆದೆ. ಅವರು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ಹೊರಡುವ ಹೊತ್ತಿಗೆ ಮೇಲೆ ಹೋಗಿ ಒಂದು ರಟ್ಟಿನ ಪೆಟ್ಟಿಗೆ ತಂದರು. ಒಳಗೆ ಹಳೆಯ ಪೇಪರಿನಲ್ಲಿ ಸುತ್ತಿದ ಮರದ ಬೊಂಬೆಗಳು. ಮರಿಯಳು, ಹಸಿರು ನಿಲುವಂಗಿಯ ಯೋಸೇಫ, ಕೂಸು, ಕುರುಬರು, ಒಂದು ಕಾಲಿಲ್ಲದ ಒಂಟೆ.

"ಇದು ನಿಮ್ಮ ಊರಿನ ಮಕ್ಕಳಿಗೆ ಇರಲಿ. ನನ್ನ ಬಳಿ ಅಟ್ಟದಲ್ಲಿದ್ದು ಏನು ಉಪಯೋಗ?" ಎಂದರು. ಮಂಜಿನಲ್ಲಿ ನನ್ನ ಜೊತೆ ನಮ್ಮ ಬೀದಿಯ ಮೂಲೆಯವರೆಗೂ ಬಂದು, ಅಲ್ಲಿಂದ ಮುಂದೆ ಬರದೆ ಹಿಂದಿರುಗಿದರು.

ಅಕ್ಕನ ಅಡುಗೆಮನೆ

ಪೆಟ್ಟಿಗೆಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಉತ್ಸಾಹದಿಂದ ಹೇಳುತ್ತ ಒಂದೊಂದೇ ಬೊಂಬೆ ಬಿಚ್ಚಿದೆ. ಹಸಿರು ಅಂಗಿಯ ಯೋಸೇಫ ಹೊರಬಂದಾಗ ಮಾರ್ಗರೆಟ್ ಅಕ್ಕ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

"ಇದಕ್ಕೆ ಬಣ್ಣ ಹಾಕಿದ್ದು ನಮ್ಮಮ್ಮ" ಎಂದರು. "ಇದನ್ನೂ ಅವನು ಮಾರಿಬಿಟ್ಟಿದ್ದಾನೆ ಅಂದುಕೊಂಡಿದ್ದೆ."

ಆಮೇಲೆ ತಡೆದು ತಡೆದು ಹೇಳಿದರು. ಆರ್ಥರ್ ಎಂದರೆ ಅಕ್ಕನ ಸ್ವಂತ ಅಣ್ಣ. ಅಂಗಡಿಯ ಕಿಟಕಿಯಲ್ಲಿ ಪ್ರತಿವರ್ಷ ಇಡಲೆಂದು ಅಮ್ಮನೇ ಕೂತು ಆ ಬೊಂಬೆಗಳಿಗೆ ಬಣ್ಣ ಬಳಿದಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಅಮ್ಮ ಆಸ್ಪತ್ರೆಯಲ್ಲಿದ್ದರು. ಕ್ರಿಸ್‌ಮಸ್ಸಿನ ಹಿಂದಿನ ದಿನ ಬೆಳಗ್ಗೆ ಉಸಿರು ಏರುಪೇರಾಯಿತು. ಅಕ್ಕ ಅಂಗಡಿಗೆ ಫೋನು ಮಾಡಿದರು. ಅಂಗಡಿ ತುಂಬ ಜನ ಇದ್ದಾರೆ, ಬಾಗಿಲು ಹಾಕಿದ ತಕ್ಷಣ ಬರುತ್ತೇನೆ ಎಂದರು ಅಣ್ಣ. ಅಮ್ಮ ಎರಡು ಸಲ ಆರ್ಥರ್ ಬಂದನೇ ಎಂದು ಕೇಳಿದರು. ಮಧ್ಯಾಹ್ನ ಎರಡು ಗಂಟೆಗೆ ತೀರಿಕೊಂಡರು. ಆರ್ಥರ್ ಬಂದದ್ದು ಐದೂವರೆಗೆ.

ಅವತ್ತಿನಿಂದ ಮಾತು ನಿಂತಿತ್ತು. ಪಕ್ಕದ ಬೀದಿಯಲ್ಲಿದ್ದುಕೊಂಡು ಹತ್ತೊಂಬತ್ತು ವರ್ಷ.

ಹಾಲಿನ ಗೋಡೆಯ ಮೇಲಿನ ಪಟ್ಟಿ ನನಗೆ ಆಗ ಅರ್ಥವಾಯಿತು. ಅದರಲ್ಲಿದ್ದದ್ದು ಬರಿಯ ಭಕ್ತಿಯಲ್ಲ, ಒಬ್ಬ ಅಣ್ಣನ ಮೇಲಿನ ಸಿಟ್ಟು ಕೂಡ. ಹಾಗೆಂದು ಪಟ್ಟಿ ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಅಂಗಡಿಯ ಹಬ್ಬ ಆ ತಾಯಿಯಿಂದ ಮಗನನ್ನು ಕಿತ್ತುಕೊಂಡದ್ದು ನಿಜವೇ ಆಗಿತ್ತು. ನನ್ನ ಹತ್ತಿರ ಹೇಳಲು ಇದ್ದದ್ದು ಒಂದೇ ಮಾತು. ಅದನ್ನು ಹೇಳಿದೆ.

"ಅಕ್ಕ, ನೀವು ಚೆನ್ನಾಗಿದ್ದೀರಾ ಅಂತ ಅವರು ಕೇಳಿದರು."

ಅಕ್ಕ ಎದ್ದು, ತೊಳೆದಿಟ್ಟ ತಟ್ಟೆಗಳನ್ನೇ ಮತ್ತೆ ತೊಳೆಯತೊಡಗಿದರು.

ಮುಂದಿನ ದಿನಗಳು ಕಷ್ಟದವು. ಅಕ್ಕ ನನಗೆ ಊಟಕ್ಕೆ ಬಡಿಸುವರು, ಹಾಸಿಗೆಗೆ ಬಿಸಿನೀರಿನ ಚೀಲ ಇಡುವರು, ಮಾತು ಮಾತ್ರ ಕಡಿಮೆ. ಅತಿಥಿಯಾಗಿ ಬಂದು ಇವರ ಹಳೆಯ ಗಾಯ ಕೆದಕಿದೆನಲ್ಲ ಎಂದು ನನಗೆ ಸಂಕಟ. ಆರ್ಥರರನ್ನು ಊಟಕ್ಕೆ ಬೇರೆ ಕರೆದಿದ್ದೆ. ಅವರು ಬಂದರೆ ಅಕ್ಕ ಏನು ಮಾಡಿಯಾರು? ಬರದಿದ್ದರೆ ಆ ಮನುಷ್ಯನಿಗೆ ಹೇಗಾದೀತು? ತಡೆಯಲಾರದೆ ಪಾಸ್ಟರ್ ರೂತ್ ಹತ್ತಿರ ಹೋಗಿ ಹೇಳಿಕೊಂಡೆ. ನಾನು ಈ ಊರಿಗೆ ಬಂದು ಆರು ವರ್ಷವಾಯಿತು, ಇಬ್ಬರಿಗೂ ಹೇಳಿ ಹೇಳಿ ಸೋತಿದ್ದೇನೆ ಎಂದರು ಅವರು. ಇನ್ನು ನಾವು ಏನೂ ಹೇಳುವುದು ಬೇಡ, ಬೊಂಬೆಗಳು ಮೇಜಿನ ಮೇಲೆ ಇರಲಿ, ನಾವು ಪ್ರಾರ್ಥನೆ ಮಾಡೋಣ ಎಂದರು. ಅಲ್ಲೇ ಇಬ್ಬರೂ ಕೂತು ಪ್ರಾರ್ಥನೆ ಮಾಡಿದೆವು. ಅವರು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ.

ಬೊಂಬೆಗಳು ಮೇಜಿನ ಮೇಲೇ ಇದ್ದವು. ಅಕ್ಕ ಅವನ್ನು ಎತ್ತಿಡಲಿಲ್ಲ. ಸುತ್ತಲೂ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತಿದ್ದೆವು. ಇಪ್ಪತ್ನಾಲ್ಕನೆಯ ತಾರೀಖು ಬೆಳಗ್ಗೆ ನಾನು ಮಹಡಿಯಿಂದ ಇಳಿದು ಬಂದಾಗ ಒಂಟೆಯ ಮುರಿದ ಕಾಲಿಗೆ ಬೆಂಕಿಕಡ್ಡಿ ಅಂಟಿಸಿತ್ತು. ಅಕ್ಕ ನನ್ನ ಕಡೆ ನೋಡದೆ, ತರಕಾರಿ ಅಂಗಡಿಗೆ ಹೋಗಿ ಒಂದು ಬುಟ್ಟಿ ಕಿತ್ತಲೆಹಣ್ಣು ತರುತ್ತೀಯಾ ಎಂದು ಕೇಳಿದರು.

ಕ್ರಿಸ್‌ಮಸ್ ಬೆಳಗ್ಗೆ

ಕಾರ್ಡುಗಳಲ್ಲಿ ಇರುವಂಥ ಹಿಮ ಬೀಳಲಿಲ್ಲ. ಜಿಟಿಜಿಟಿ ಮಳೆ. ಎಂಟು ಗಂಟೆಗೆ ನಾವಿಬ್ಬರೂ ಬೊಂಬೆಯ ಪೆಟ್ಟಿಗೆ, ಹಣ್ಣಿನ ಬುಟ್ಟಿ ಹೊತ್ತುಕೊಂಡು ಹಾಲಿಗೆ ಹೊರಟೆವು. ಆರ್ಥರರ ಬೀದಿಯ ಮೂಲೆಯಲ್ಲಿ ಅಕ್ಕ ನಿಂತರು. ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, ಇಲ್ಲೇ ಇರು ಎಂದು ಹೇಳಿ ಒಬ್ಬರೇ ಹೋದರು. ಏಳನೆಯ ಗೇಟು ತೆಗೆದದ್ದು ಕಂಡಿತು. ಬಾಗಿಲು ತಟ್ಟಿದ್ದು ಕೇಳಿಸಿತು. ಸ್ವಲ್ಪ ಬಿಟ್ಟು ಮತ್ತೆ ತಟ್ಟಿದರು. ಬಾಗಿಲು ತೆರೆಯಲಿಲ್ಲ. ಮಳೆಯಲ್ಲಿ ಹಿಂದಿರುಗಿ ಬಂದವರ ಮುಖವನ್ನು ನಾನು ನೋಡಲಾರದೆ ಹೋದೆ. ಇನ್ನೂ ಎರಡು ಸಲ ತಟ್ಟಬೇಕಾಗಿತ್ತೇನೋ, ಅವರಿಗೆ ಕಿವಿ ಮಂದ ಎಂದು ನಾನು ಏನೋ ಹೇಳಿದೆ. ನಡಿ, ಹೊತ್ತಾಯಿತು ಎಂದರು.

ಹಾಲಿನ ಅಡುಗೆಮನೆಯ ದೀಪ ಆಗಲೇ ಉರಿಯುತ್ತಿತ್ತು. ಪಾಸ್ಟರ್ ರೂತ್ ಬಂದಿರಬೇಕೆಂದು ಒಳಗೆ ಹೋದೆವು. ಆರ್ಥರ್ ಏಪ್ರನ್ ಕಟ್ಟಿಕೊಂಡು, ಆಲೂಗಡ್ಡೆಯ ರಾಶಿಯ ಮುಂದೆ ನಿಂತು ಸಿಪ್ಪೆ ತೆಗೆಯುತ್ತಿದ್ದರು. ಏಳು ಗಂಟೆಗೇ ಬಂದು ಪಾಸ್ಟರರನ್ನು ಎಬ್ಬಿಸಿ, ಊಟಕ್ಕೆ ಕರೆದಿದ್ದಾರೆ, ಸುಮ್ಮನೆ ಬಂದು ತಿನ್ನಲು ನಾಚಿಕೆ, ಏನಾದರೂ ಕೆಲಸ ಕೊಡಿ ಎಂದರಂತೆ.

ಅಕ್ಕ ಒದ್ದೆಯಾದ ಕೋಟಿನಲ್ಲೇ ಬಾಗಿಲಲ್ಲಿ ನಿಂತರು. ಅಣ್ಣ ತಲೆಯೆತ್ತಿ ನೋಡಿ, ಮತ್ತೆ ತಲೆ ತಗ್ಗಿಸಿ ಆಲೂಗಡ್ಡೆ ಹೆರೆಯತೊಡಗಿದರು. ಅಕ್ಕ ಹತ್ತಿರ ಹೋಗಿ ಒಂದು ಸಿಪ್ಪೆ ಎತ್ತಿ ನೋಡಿದರು.

"ಎಷ್ಟು ದಪ್ಪ ತೆಗೀತಿದ್ದೀಯ ಆರ್ಥರ್. ಅಮ್ಮ ನೋಡಿದ್ದರೆ ಬೈಯುತ್ತಿದ್ದಳು."

"ಕನ್ನಡಕ ಮನೇಲಿ ಬಿಟ್ಟು ಬಂದೆ, ಮೆಗ್."

ಮೆಗ್ ಎನ್ನುವುದು ಅಕ್ಕನನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರಂತೆ. ಅಕ್ಕ ಕೋಟು ಬಿಚ್ಚಿ, ಇನ್ನೊಂದು ಚಾಕು ತೆಗೆದುಕೊಂಡು ಅವರ ಪಕ್ಕ ನಿಂತರು. ಇಬ್ಬರೂ ಸಿಪ್ಪೆ ತೆಗೆದರು. ನಾನು ಹೊರಗೆ ಹೋಗಬೇಕಾಗಿತ್ತು, ಹೋಗಲಿಲ್ಲ. ಅರ್ಧ ರಾಶಿ ಮುಗಿದ ಮೇಲೆ ಆರ್ಥರ್, ಬೊಗುಣಿಯನ್ನೇ ನೋಡುತ್ತ ಹೇಳಿದರು.

"ಅವತ್ತು ನಾನು ಅಂಗಡಿ ಮುಚ್ಚಿ ಬರಬೇಕಾಗಿತ್ತು."

"ಹೌದು, ಬರಬೇಕಾಗಿತ್ತು" ಎಂದರು ಅಕ್ಕ. ಇನ್ನೊಂದು ಆಲೂಗಡ್ಡೆ ಹೆರೆದು ಮುಗಿಸಿ, "ಆಮೇಲಾದರೂ ನಾನು ನಿನ್ನ ಮನೆಗೆ ಬರಬೇಕಾಗಿತ್ತು" ಎಂದರು.

ನಾನು ಹಾಲಿಗೆ ಹೋಗಿ ಮೇಜುಗಳಿಗೆ ಬಟ್ಟೆ ಹಾಸಿದೆ. ಕಣ್ಣು ಮಂಜಾಗಿ ಒಂದು ಬಟ್ಟೆಯನ್ನು ತಿರುವುಮುರುವಾಗಿ ಹಾಕಿದೆನಂತೆ. ಆಮೇಲೆ ಯಾರೋ ಸರಿಮಾಡಿದರು.

ಅವತ್ತಿನ ಆರಾಧನೆಯಲ್ಲಿ ಮುಂದಿನ ಮೇಜಿನ ಮೇಲೆ ಆ ಗೋದಲಿ ಇತ್ತು. ಬೆಂಕಿಕಡ್ಡಿ ಕಾಲಿನ ಒಂಟೆ ಒಂದು ಕಿತ್ತಲೆಹಣ್ಣಿಗೆ ಒರಗಿ ನಿಂತಿತ್ತು. ಪಾಸ್ಟರ್ ರೂತ್ ಬರೆದು ತಂದ ಉಪದೇಶದ ಹಾಳೆ ಮಡಚಿಟ್ಟರು. ದೇವರು ನಮ್ಮ ಮನೆಗೆ ಬಂದ ದಿನ ಇದು, ನಾವು ಯಾರ ಮನೆಗೆ ಹೋಗಿಲ್ಲ ಎಂದು ಯೋಚಿಸೋಣ ಎಂದಷ್ಟೇ ಹೇಳಿ ಕೂತರು. ಇಷ್ಟು ವರ್ಷ ಸಂಡೇಸ್ಕೂಲಿನಲ್ಲಿ ನಾನು ಏನು ಮಾಡಬಾರದು ಎಂಬುದನ್ನೇ ಹೇಳಿಕೊಡುತ್ತಿದ್ದೆ. ಹಬ್ಬದಿಂದ ಅಂಗಡಿಯನ್ನು ಹೊರಗೆ ಹಾಕುವುದು ಸುಲಭ. ಖಾಲಿಯಾದ ಆ ಜಾಗದಲ್ಲಿ ಯಾರನ್ನು ಕೂರಿಸುವುದು ಎಂದು ನಾನು ಕೇಳಿಕೊಂಡಿರಲಿಲ್ಲ. ಅವತ್ತು ಆ ಜಾಗದಲ್ಲಿ ಆರ್ಥರ್ ಕೂತಿದ್ದರು, ಮೂರನೆಯ ಬೆಂಚಿನಲ್ಲಿ, ತಂಗಿಯ ಪಕ್ಕ.

ಊಟಕ್ಕೆ ನಲವತ್ತು ಜನ ಬಂದರು. ಬಸ್ ಓಡಿಸುವವನೊಬ್ಬ, ಗಂಡ ಬಿಟ್ಟ ಹೆಂಗಸು, ಯಾರ ಜೊತೆಯೂ ಮಾತಾಡದೆ ಎರಡು ಸಲ ಬಡಿಸಿಕೊಂಡು ತಿಂದು ಎಲ್ಲರ ತಟ್ಟೆ ತೊಳೆದುಕೊಟ್ಟು ಹೋದ ಒಬ್ಬ ಮನುಷ್ಯ. ಗಂಗಮ್ಮನ ಕೊಬ್ಬರಿ ತುರಿದು ಮಿಠಾಯಿ ಮಾಡಿದ್ದೆ. ಆರ್ಥರ್ ನಾಲ್ಕು ತಿಂದರು. ಮಕ್ಕಳಿಗೆ ಮಾರ್ಗರೆಟ್ ಅಕ್ಕ ತಾವೇ ಕಿತ್ತಲೆಹಣ್ಣು ಹಂಚಿದರು. ಕೇಳಿ ಇಲ್ಲ ಅನ್ನಿಸಿಕೊಂಡಿದ್ದ ಆ ತಾಯಿಗೂ ಒಂದು ಕೊಟ್ಟರು.

ಗೋದಲಿಯನ್ನು ನನಗೇ ಕೊಡಬೇಕೆಂದು ಅಣ್ಣ ತಂಗಿ ಇಬ್ಬರೂ ಹಟ ಹಿಡಿದರು. ಹತ್ತೊಂಬತ್ತು ವರ್ಷದ ಮೇಲೆ ಅವರು ಒಮ್ಮತಕ್ಕೆ ಬಂದ ಮೊದಲನೆಯ ವಿಷಯ ಅದು. ನಾನು ಒಪ್ಪಲಿಲ್ಲ. ಅಮ್ಮನ ಕೈಕೆಲಸ ನಿಮ್ಮೂರಿನಲ್ಲೇ ಇರಲಿ ಎಂದೆ.

ಮತ್ತೆ ತಿಪಟೂರು

ಜನವರಿಯಲ್ಲಿ ಊರಿಗೆ ಬಂದೆ. ಗೋದಲಿ ತರಲಿಲ್ಲವೆಂದು ಮಕ್ಕಳು ಮುನಿಸಿಕೊಂಡರು. ಆಮೇಲೆ ಅವರೇ ಜೇಡಿಮಣ್ಣು ಕಲಸಿ ಮಾಡಿದ ಯೋಸೇಫ ನಮ್ಮ ಕೊಬ್ಬರಿ ಮಂಡಿಯ ಸಾಹುಕಾರರನ್ನೇ ಹೋಲುತ್ತಿದ್ದ. ಸಾಕು, ಅವನಿಗೊಂದು ಮುಖವಾದರೂ ಇತ್ತು.

ಅಕ್ಟೋಬರಿನಲ್ಲಿ ಇಂಗ್ಲೆಂಡಿನಿಂದ ಕಾಗದ ಬಂತು. ಸಾಯಂಕಾಲ ಜಗಲಿಯ ಮೇಲೆ ಕೂತು ಗಂಗಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ.

ಆರ್ಥರ್ ಆಗಸ್ಟಿನ ಕೊನೆಯಲ್ಲಿ ತೀರಿಕೊಂಡಿದ್ದರು. ನಿದ್ದೆಯಲ್ಲೇ, ನೋವಿಲ್ಲದೆ. ಮಾರ್ಗರೆಟ್ ಅಕ್ಕ ಬರೆದಿದ್ದರು: ದಿನವೂ ನಾಲ್ಕು ಗಂಟೆಗೆ ಅವನು ಇಲ್ಲಿಗೆ ಟೀಗೆ ಬರುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ. ಹತ್ತೊಂಬತ್ತು ವರ್ಷ ನಾವೇ ಕಳೆದುಕೊಂಡೆವು, ಎಂಟು ತಿಂಗಳು ದೇವರು ಕೊಟ್ಟ. ಹಿಂದಿನ ದಿನವೂ ಬಂದಿದ್ದ. ಬಿಸ್ಕತ್ತು ಮೆತ್ತಗಾಗಿದೆ ಎಂದು ತಕರಾರು ತೆಗೆದ. ನಾನು ಚೆನ್ನಾಗಿ ಬೈದೆ. ಕೊನೆಯ ದಿನ ಬೈದೆನಲ್ಲ ಎಂದು ನನಗೆ ದುಃಖವಿಲ್ಲ, ಸುಗುಣ. ಬೈಯುವುದಕ್ಕೆ ಅವನು ಎದುರಿಗೆ ಕೂತಿದ್ದ.

ಗಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಕೊನೆಗೂ ಬಾಯ್ತುಂಬ ಬೈದ್ಲಲ್ಲ ಕಣಕ್ಕ, ಪುಣ್ಯಾತ್ಗಿತ್ತಿ" ಅಂದಳು. "ಇನ್ನೊಂದ್ಸಲ ಓದು."

ಇನ್ನೊಂದು ಸಲ ಓದಿದೆ.